ಮ್ಯಾರಥಾನ್ ಓಡಿದವನಿಗೆ ಅರ್ಧ ಅಂಕ

ಎರ್ರಿಸ್ವಾಮಿ ಮೇಷ್ಟ್ರು ಓಡಿದ್ದನ್ನು ಕಂಡವರಿಲ್ಲ. ಬಸ್ಸು ಕಣ್ಣೆದುರೇ ಹೊರಡುತ್ತಿದ್ದರೂ ಕೊಡೆ ಊರಿಕೊಂಡು ತಮ್ಮ ನಡಿಗೆಯಲ್ಲೇ ಬರುತ್ತಿದ್ದರು. ಬಸ್ಸು ತಪ್ಪಿದರೆ ತಪ್ಪು ಬಸ್ಸಿನದು. ಓಡುವುದು ಇಂಗ್ಲಿಷ್ ಬಲ್ಲವರ ಲಕ್ಷಣವಲ್ಲ ಎಂದು ಅವರು ತೀರ್ಮಾನಿಸಿದ್ದರು. ಇಂಥವರ ಕೈಗೆ 1951ರ ಬೇಸಿಗೆಯಲ್ಲಿ ಮ್ಯಾರಥಾನ್ ಓಟದ ಮೇಲಿನ ಉತ್ತರ ಪತ್ರಿಕೆಗಳ ಕಟ್ಟೊಂದು ಬಂತು. ಆ ಕಟ್ಟಿನಲ್ಲಿ ನನ್ನ ಪತ್ರಿಕೆಯೂ ಇತ್ತು. ಆದ್ದರಿಂದ ಅವರ ಚರಿತ್ರೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಇದರಲ್ಲಿ ಸ್ವಲ್ಪ ನಾನೇ ಕಂಡದ್ದು, ಉಳಿದದ್ದು ಅವರ ಹೆಂಡತಿ ಊರಮ್ಮ ಹೇಳಿದ್ದು. ಊರಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಗಂಡನಿಗೆ ಆಕೆಯಿಂದ ಇದ್ದ ದೊಡ್ಡ ತೊಂದರೆಯೇ ಅದು.

ಮೇಷ್ಟ್ರು ಹುಟ್ಟಿದ್ದು ಬಳ್ಳಾರಿ ಪಕ್ಕದ ಕೊಳಗಲ್ಲಿನಲ್ಲಿ, ಊರ ಹೊರಗಿನ ನಮ್ಮಂಥವರ ಕೇರಿಯಲ್ಲಿ. ಅವರ ಅಪ್ಪ ಜೋಗಪ್ಪ ಊರಿನ ಸುದ್ದಿ ಒಯ್ಯುವವನು. ಗೌಡರ ಮನೆಯಲ್ಲಿ ಮಗು ಹುಟ್ಟಿದರೆ, ಶಾನುಭೋಗರ ಮನೆಯಲ್ಲಿ ಮುದುಕಿ ಸತ್ತರೆ, ಯಾರದೋ ಮಗಳಿಗೆ ಗಂಡು ಗೊತ್ತಾದರೆ, ಬೀಗರ ಊರಿಗೆ ಬಿಸಿಲಲ್ಲಿ ಓಡುವುದು ನಮ್ಮ ಕೇರಿಯವರ ಪಾಲಿಗೆ ಬಂದ ಗೌರವ. ಬೇರೆ ಯಾರೂ ಆ ಗೌರವಕ್ಕೆ ಆಸೆಪಟ್ಟಿರಲಿಲ್ಲ. ಜೋಗಪ್ಪ ಮಗನನ್ನು ಶಾಲೆಗೆ ಹಾಕಿದ, ಮಗ ಹಾಸ್ಟೆಲಿನಲ್ಲಿದ್ದು ಓದಿದ, ಓದಿದಷ್ಟೂ ಕೊಳಗಲ್ಲು ದೂರವಾಗುತ್ತಾ ಹೋಯಿತು. ಅದು ಬಳ್ಳಾರಿಯಿಂದ ಗಾಡಿ ಹೊಡೆದರೆ ಒಂದು ಹೊತ್ತಿನ ದಾರಿಯೂ ಅಲ್ಲ. ಆದರೂ ಬಿ.ಎ. ಮುಗಿಸುವ ಹೊತ್ತಿಗೆ ಅವರ ಲೆಕ್ಕದಲ್ಲಿ ಅದು ಲಂಡನ್ನಿಗಿಂತ ಆಚೆ ಇತ್ತು.

ಯುದ್ಧದ ಕಾಲದಲ್ಲಿ ರೇಷನ್ ಆಫೀಸಿನ ಮುಂದೆ ಕೂತು ಜನರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರಂತೆ. ಒಂದು ಸೇರು ಸೀಮೆಎಣ್ಣೆ ಬೇಕೆಂದು ಹೇಳಲು ಒಂದು ಪುಟ. ಆ ಪುಟ ನೋಡಿದ ಅಧಿಕಾರಿಗಳು ಎಣ್ಣೆ ಕೊಟ್ಟರೋ ಇಲ್ಲವೋ, ಬರೆದವನ್ಯಾರು ಎಂದು ಮಾತ್ರ ತಪ್ಪದೆ ಕೇಳುತ್ತಿದ್ದರು. ಹಾಗೆ ಮೇಷ್ಟ್ರ ಕೆಲಸ ಸಿಕ್ಕಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ ಹಿಡಿದರು. ಬಾಗಿಲಿಗೆ ‘ವೈ. ಸ್ವಾಮಿ, ಬಿ.ಎ.’ ಎಂದು ಹಲಗೆ ಬಿತ್ತು. ಎರ್ರಿ ಎಂಬ ಎರಡಕ್ಷರ ಹೊಸಿಲ ಹೊರಗೇ ಉಳಿಯಿತು. ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡಬೇಕೆಂದು ಕಟ್ಟಪ್ಪಣೆ. ಅಕ್ಕಪಕ್ಕದವರ ಹತ್ತಿರ ಹೆಚ್ಚು ಮಾತು ಬೇಡ, ಬಾಯಿ ಬಿಟ್ಟರೆ ಊರು ತಿಳಿಯುತ್ತದೆ, ಊರು ತಿಳಿದರೆ ಕೇರಿ ತಿಳಿಯುತ್ತದೆ ಎಂದು ಊರಮ್ಮನಿಗೆ ಬುದ್ಧಿ ಹೇಳಿದ್ದರು. ಆಕೆ ಅಷ್ಟು ವರ್ಷ ನೆರೆಹೊರೆಯವರಿಗೆ ತಲೆಯಾಡಿಸಿಯೇ ಕಾಲ ಕಳೆದಳು. ಪಾಪ, ಮೂಗಿ ಇರಬೇಕು ಎಂದು ಅವರೂ ಕನಿಕರಪಟ್ಟರು.

ಇನ್ನು ನನ್ನ ವಿಷಯ. ನನ್ನ ಹೆಸರು ಹುಲುಗಮ್ಮ, ಊರು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ. ಅಪ್ಪ ತೀರಿಹೋಗಿದ್ದ. ಅವನೂ ಸುದ್ದಿ ಒಯ್ಯುವವನೇ. ಕುರುಗೋಡಿಗೆ ಕೊಟ್ಟಿದ್ದ ನನ್ನ ಅಕ್ಕ ಎರಡು ಮಕ್ಕಳನ್ನು ಬಿಟ್ಟು ಸತ್ತ ಮೇಲೆ, ಭಾವ ದುರುಗಪ್ಪನ ಮನೆ ಹಾಳಾಗಬಾರದೆಂಬ ಚಿಂತೆ ಎಲ್ಲರಿಗೂ ಹತ್ತಿತು. ನಮ್ಮ ಮನೆ ಏನಾಗಬೇಕೆಂದು ಕೇಳಿದವರಿಲ್ಲ. ದುರುಗಪ್ಪ ಕೆಟ್ಟವನೇನಲ್ಲ. ಕುಡಿಯದೆ ಇದ್ದಾಗ ಮಾತೇ ಆಡುತ್ತಿರಲಿಲ್ಲ, ಕುಡಿದಾಗ ಅವನ ಮಾತು ಕೇಳಲು ಅಕ್ಕ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅವನಿಗೆ ನನ್ನನ್ನು ಕೊಡುವುದೆಂದು ಹಿರಿಯರು ಮಾತಾಡಿಬಿಟ್ಟರು. ಅಷ್ಟರಲ್ಲಿ ಗಾದೆಪ್ಪ ಮೇಷ್ಟ್ರು ಅಡ್ಡಬಂದರು. ಅವರು ನಮ್ಮೂರ ಶಾಲೆಯವರು.

“ಹುಡುಗಿ ಎಂಟನೇದು ಬರಿಯಾಕತ್ಯಾಳ. ಪಾಸಾದ್ರ ಬಳ್ಳಾರ್‍ಯಾಗ ಟೀಚರ್ ಟ್ರೈನಿಂಗಿಗೆ ಸೀಟು ಸಿಗತೈತಿ, ಊಟ ಉಡಿಗಿ ಸರ್ಕಾರದ್ದು. ಫಲಿತಾಂಶ ಬರೋತನಕ ತಡಿ, ಮಾರೆಮ್ಮ,” ಎಂದು ನಮ್ಮವ್ವನಿಗೆ ಹೇಳಿದರು.

ಅವ್ವ ಯೋಚಿಸಿ ಯೋಚಿಸಿ ನನ್ನನ್ನು ಕರೆದಳು. “ನೋಡವ್ವ, ಪಾಸಾದ್ರ ಬಳ್ಳಾರಿ, ಫೇಲಾದ್ರ ಕುರುಗೋಡು. ಆಮ್ಯಾಲ ನನ್ನ ಬೈಬ್ಯಾಡ.”

ಉಳಿದ ವಿಷಯಗಳ ಭಯ ನನಗಿರಲಿಲ್ಲ. ಭಯವಿದ್ದದ್ದು ಇಂಗ್ಲಿಷಿನದು. ಗಾದೆಪ್ಪ ಮೇಷ್ಟ್ರ ಇಂಗ್ಲಿಷ್ ಅವರಿಗಿಂತ ಒಂದು ಪಾಠ ಮುಂದಿರುತ್ತಿತ್ತು, ನಮ್ಮದು ಅದರ ಹಿಂದೆ ಕುಂಟುತ್ತಿತ್ತು.

ಪರೀಕ್ಷೆ ಸಿರುಗುಪ್ಪದಲ್ಲಿ. ಸುತ್ತಲ ಹಳ್ಳಿಗಳ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ಕೂತಿದ್ದೆವು. ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಉತ್ತರ ಬರೆಯುವ ಒಂದು ಸಣ್ಣ ಕಥೆ ಕೊಟ್ಟಿದ್ದರು. ಬಹಳ ಹಿಂದೆ ಗ್ರೀಸ್ ದೇಶದಲ್ಲಿ ಮ್ಯಾರಥಾನ್ ಎಂಬ ಬಯಲಿನಲ್ಲಿ ಯುದ್ಧವಾಯಿತು. ಗೆದ್ದ ಸುದ್ದಿ ಹೊತ್ತು ಒಬ್ಬ ಸಿಪಾಯಿ ಅಥೆನ್ಸ್ ಪಟ್ಟಣಕ್ಕೆ ಇಪ್ಪತ್ತಾರು ಮೈಲಿ ಎಲ್ಲೂ ನಿಲ್ಲದೆ ಓಡಿದ. ಊರ ಬಾಗಿಲಲ್ಲಿ ಜನ ಅವನನ್ನು ಮುತ್ತಿಕೊಂಡು ಏನು ಸುದ್ದಿ ಎಂದು ಕೇಳಿದರು. ಗೆದ್ದೆವು ಎಂದು ಹೇಳಿ ಅವನು ಬಿದ್ದು ಸತ್ತ. ಅವನ ನೆನಪಿಗೆ ಈಗಲೂ ದೇಶದೇಶಗಳಲ್ಲಿ ಜನ ಅಷ್ಟೇ ದೂರ ಓಡುತ್ತಾರೆ. ಇಷ್ಟೇ ಕಥೆ. ಇಪ್ಪತ್ತಾರು ಮೈಲಿ ಎಂದರೆ ಕುರುಗೋಡಿನಿಂದ ಬಳ್ಳಾರಿಗೆ ಹೋಗಿ, ಏನೋ ಮರೆತೆನೆಂದು ಅರ್ಧ ದಾರಿ ವಾಪಸು ಬಂದಷ್ಟು. ನನ್ನಪ್ಪ ಎಷ್ಟೋ ಸಲ ಓಡಿದ್ದ. ಅವನ ನೆನಪಿಗೆ ಯಾವ ದೇಶದಲ್ಲೂ ಯಾರೂ ಓಡಿದ ವರದಿ ಬಂದಿಲ್ಲ.

ಆ ಮನುಷ್ಯ ಏಕೆ ಸತ್ತ ಎಂಬುದು ಒಂದು ಪ್ರಶ್ನೆ. ಈ ಕಥೆಯಿಂದ ಏನು ಕಲಿಯುತ್ತೀರಿ ಎಂಬುದು ಇನ್ನೊಂದು. ಈಗಿನವರು ಮ್ಯಾರಥಾನ್ ಏಕೆ ಓಡುತ್ತಾರೆ ಎಂದೂ ಕೇಳಿದ್ದರು. ಅದಕ್ಕೆ ನಾನು, ಅವರಿಗೆ ಹೊಲದಲ್ಲಿ ಕೆಲಸವಿಲ್ಲ ಎಂದು ಬರೆದೆ. ಆ ಉತ್ತರ ಸರಿಯೆಂದೇ ಈಗಲೂ ನನ್ನ ನಂಬಿಕೆ.

ಆ ಮನುಷ್ಯ ಏಕೆ ಸತ್ತ ಎಂಬುದಕ್ಕೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಮ್ಮ ಸೀಮೆಯಲ್ಲಿ ಬಿಸಿಲಲ್ಲಿ ಬಂದವನಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಅವನು ಕುಡಿದು ಬಾಯಿ ಒರೆಸಿಕೊಂಡ ಮೇಲೆಯೇ ಏನು ಸುದ್ದಿ ಎಂದು ಕೇಳಬೇಕು. ಮೊದಲೇ ಕೇಳಿದರೆ ಬಂದವನ ಎದೆ ಒಡೆಯುತ್ತದೆ, ಪಾಪ ಕೇಳಿದವರ ತಲೆಗೆ. ಅಪ್ಪನಂಥವರಿಗೆ ತಂಬಿಗೆ ಕೈಗೆ ಕೊಡುತ್ತಿರಲಿಲ್ಲ, ದೂರದಿಂದ ಬೊಗಸೆಗೆ ಸುರಿಯುತ್ತಿದ್ದರು. ಆದರೂ ಸುರಿದ ಮೇಲೆಯೇ ಕೇಳುತ್ತಿದ್ದರು, ಅಷ್ಟು ಮರ್ಯಾದೆ ಉಳಿದಿತ್ತು. ಅಥೆನ್ಸಿನವರಿಗೆ ಅಷ್ಟೂ ಇರಲಿಲ್ಲ. ನೀರು ಕೊಡದೆ ಸುದ್ದಿ ಕೇಳಿದ್ದರಿಂದ ಅವನು ಸತ್ತ ಎಂದು ಬರೆದೆ. ಏನು ಕಲಿಯುತ್ತೀರಿ ಎಂಬುದಕ್ಕೆ, ದೂರದಿಂದ ಬಂದವರಿಗೆ ಮೊದಲು ನೀರು ಕೊಡಬೇಕು ಎಂದು ಬರೆದೆ. ನಾನು ಬರೆದೆ, ಪಕ್ಕದ ಬೆಂಚಿನವಳು ಬರೆದಳು, ಹಿಂದಿನ ಬೆಂಚಿನ ಗೌಡರ ಹುಡುಗ ಬರೆದ, ಕೊಠಡಿಗೆ ಕೊಠಡಿಯೇ ಅದನ್ನೇ ಬರೆಯಿತು. ಒಬ್ಬರ ಹಾಳೆ ಒಬ್ಬರು ನೋಡಲಿಲ್ಲ. ನೋಡಿ ಬರೆಯುವಷ್ಟು ಕಷ್ಟದ ಪ್ರಶ್ನೆಯೇ ಅದಲ್ಲ.

ಉತ್ತರ ಪತ್ರಿಕೆಗಳನ್ನು ತಿದ್ದಿದ್ದು ಬಳ್ಳಾರಿಯ ಒಂದು ಶಾಲೆಯ ಹಾಲಿನಲ್ಲಿ. ಮುಖ್ಯ ಪರೀಕ್ಷಕರು ಮದ್ರಾಸಿನಿಂದ ಬಂದ ಪರಾಂಕುಶಂ ಎಂಬುವರು. ತೆಲುಗರು, ಕನ್ನಡ ಬರದು. ಬಳ್ಳಾರಿಯ ಬಿಸಿಲು ತಮ್ಮನ್ನು ಅವಮಾನಿಸಲೆಂದೇ ಹುಟ್ಟಿದೆ ಎಂಬ ಮುಖ. ಪ್ರಶ್ನೆ ಬರೆದವರೂ ಅವರೇ, ಮಾದರಿ ಉತ್ತರ ಬರೆದವರೂ ಅವರೇ. ಆ ಮನುಷ್ಯ ಏಕೆ ಸತ್ತ ಎಂದರೆ, ಬಹಳ ದಣಿದಿದ್ದರಿಂದ. ಕಥೆಯಿಂದ ಏನು ಕಲಿಯುತ್ತೇವೆ ಎಂದರೆ, ದೇಶಭಕ್ತಿ. ದಣಿದು ಸಾಯುವುದೇ ದೇಶಭಕ್ತಿ ಎಂದು ಮದ್ರಾಸಿನಲ್ಲಿ ಇತ್ಯರ್ಥವಾಗಿತ್ತು.

ಪರೀಕ್ಷಕರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಬ್ಬರು ಅಕ್ಷರ ದುಂಡಗಿದೆಯೇ ಎಂದು ನೋಡಿ ಅಂಕ ಕೊಡುತ್ತಿದ್ದರು, ಇನ್ನೊಬ್ಬರು ಎಷ್ಟು ಪುಟ ಬರೆದಿದ್ದಾನೆಂದು ನೋಡಿ, ಮತ್ತೊಬ್ಬರು ಊಟಕ್ಕೆ ಎಷ್ಟು ಹೊತ್ತಿದೆಯೆಂದು ನೋಡಿ. ಎರ್ರಿಸ್ವಾಮಿ ಮೇಷ್ಟ್ರು ಮಾತ್ರ ಪ್ರತಿಯೊಂದನ್ನೂ ಓದುತ್ತಿದ್ದರು. ಅನಾಹುತವಾದದ್ದು ಅದರಿಂದಲೇ. ಕುರುಗೋಡಿನ ಕಟ್ಟಿನಲ್ಲೂ ಇದೇ ಉತ್ತರ ಇದ್ದಿರಬೇಕು. ಅದನ್ನು ತಿದ್ದಿದವರು ಓದದೆ ಇದ್ದುದರಿಂದ ಅಲ್ಲಿಯ ಮಕ್ಕಳು ಮರ್ಯಾದೆಯಿಂದ ಪಾರಾದರು.

ಸಿರುಗುಪ್ಪದ ಕಟ್ಟು ಬಿಚ್ಚಿದ ಮೇಷ್ಟ್ರು ಮೊದಲ ಪತ್ರಿಕೆಗೆ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಹಾಕಿದರು. ಎರಡನೆಯದಕ್ಕೂ ಅದೇ ಉತ್ತರ, ಅದೇ ಸೊನ್ನೆ. ಹತ್ತಿಪ್ಪತ್ತು ದಾಟುವಷ್ಟರಲ್ಲಿ ಅವರ ಕಣ್ಣು ಹೊಳೆಯತೊಡಗಿತು. ಇದು ನಕಲು! ಯಾರೋ ಕೊಠಡಿಯೊಳಗೆ ಬಂದು ಉತ್ತರ ಹೇಳಿಕೊಟ್ಟಿದ್ದಾರೆ, ಅದೂ ತಪ್ಪು ಉತ್ತರ! ಪತ್ರಿಕೆಗಳನ್ನು ಎದೆಗೆ ಅವಚಿಕೊಂಡು ಪರಾಂಕುಶಂ ಅವರ ಮೇಜಿಗೆ ನಡೆದರು. ಓಡಲಿಲ್ಲ.

ಪರಾಂಕುಶಂ ಮೂಗಿಗೆ ನಶ್ಯ ಏರಿಸಿ ನೋಡಿದರು, ಇನ್ನೊಮ್ಮೆ ಏರಿಸಿ ಇನ್ನೊಮ್ಮೆ ನೋಡಿದರು. ಬಳ್ಳಾರಿಗೆ ಬಂದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಸಂತೋಷ ಕಂಡಿತು. ಇಡೀ ಕೇಂದ್ರದ ಇಂಗ್ಲಿಷ್ ಪರೀಕ್ಷೆ ರದ್ದಾಗಬೇಕು, ಅದನ್ನು ಬರೆದವರು ಎರಡು ವರ್ಷ ಮತ್ತೆ ಕೂರಬಾರದು, ಹಾಗೆಂದು ನೀವೇ ವರದಿ ಬರೆಯಿರಿ, ನಾಳೆಯ ಟಪಾಲಿಗೆ ಮದ್ರಾಸಿಗೆ ಕಳಿಸುತ್ತೇನೆ ಎಂದರು. “ನಿಮ್ಮಂಥವರು ಹೆಡ್‌ಮಾಸ್ಟರ್ ಆಗಬೇಕು, ಮಿಸ್ಟರ್ ಸ್ವಾಮಿ. ನಿಮ್ಮ ಹೆಸರನ್ನೂ ಬರೆಯುತ್ತೇನೆ,” ಎಂದೂ ಸೇರಿಸಿದರು.

ಮೇಷ್ಟ್ರು ವರದಿ ಬರೆದರು. ಚೆಂದದ ಇಂಗ್ಲಿಷ್ ಇತ್ತಂತೆ. ಎರಡು ವರ್ಷ ಎಂದರೆ ನನಗೆ ಅಷ್ಟರಲ್ಲಿ ಕುರುಗೋಡಿನಲ್ಲಿ ಮೂರನೆಯ ಮಗುವನ್ನು ಎತ್ತಿಕೊಳ್ಳುವ ಅವಕಾಶವಿತ್ತು. ಚೆಂದದ ಇಂಗ್ಲಿಷಿನಲ್ಲಿ ಅದೊಂದು ಬಿಟ್ಟುಹೋಗಿತ್ತು.

ಸಂಜೆ ಮನೆಗೆ ಬಂದವರು ಕಾಲು ತೊಳೆಯುತ್ತಲೇ ಹಾಡಿನಂತೇನೋ ಗುನುಗಿದರು. ಊರಮ್ಮ ಗಾಬರಿಯಾದಳು. ಅಡುಗೆಮನೆಗೇ ಬಂದು ಮಣೆ ಹಾಕಿಕೊಂಡು ಕೂತರು. ಹೆಡ್‌ಮಾಸ್ಟರ್ ಆಗುವ ಖುಷಿಯಲ್ಲಿ, ಮದುವೆಯಾದಂದಿನಿಂದ ಮೊದಲ ಬಾರಿಗೆ ಹೆಂಡತಿಗೆ ತಮ್ಮ ಕೆಲಸದ ಸಂಗತಿ ಹೇಳಿದರು. ಮ್ಯಾರಥಾನಿನ ಕಥೆಯನ್ನು ಕನ್ನಡದಲ್ಲಿ ವಿವರಿಸಿ, “ಈಗ ನೀನೇ ಹೇಳು, ಅವನು ಏಕೆ ಸತ್ತ?” ಎಂದು ಕೇಳಿದರು. ದಣಿದು ಎಂದು ಆಕೆ ಹೇಳಬೇಕು, ನಿನಗೆ ಗೊತ್ತಾದದ್ದು ಆ ದಡ್ಡರಿಗೆ ಗೊತ್ತಾಗಲಿಲ್ಲ ನೋಡು ಎಂದು ತಾವು ನಗಬೇಕು, ಹಾಗೆ ಅವರ ಏರ್ಪಾಡು.

ಊರಮ್ಮ ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ನಿಲ್ಲಿಸಿದಳು. “ಅಲ್ರೀ, ಎಂಥಾ ಊರ್‍ರಿ ಅದು? ಓಡಿ ಬಂದಾವಗ ಒಬ್ಬರರ ಒಂದು ತಂಬಿಗಿ ನೀರು ಕೊಡಬಾರದೇನು? ನೀರು ಕೊಡೂಕಿಂತ ಮೊದ್ಲ ಸುದ್ದಿ ಕೇಳಿದ್ರ ಸಾಯದ ಏನ್ ಮಾಡ್ತಾನ?”

“ಯಾರು ಹೇಳಿದರು ನಿನಗೆ ಇದನ್ನು?”

“ಯಾರು ಹೇಳಬೇಕ್ರಿ? ನಮ್ಮತ್ತಿ ಮಾವಗ ಹಂಗ ಮಾಡ್ತಿದ್ದಿಲ್ಲೇನು? ಮಾವ ಬಂದ್ ಕುಂತ್ರ, ನೀರು ಕುಡಿಯೋತನಕ ಕೇರ್‍ಯಾಗ ಒಬ್ರೂ ಪಿಟ್ಟ್ ಅಂತಿದ್ದಿಲ್ಲ. ನೀವ ಹೇಳೀರಿ ನನಗ.”

ಊರಮ್ಮ ಯಾವ ಪರೀಕ್ಷೆಗೂ ಕೂತವಳಲ್ಲ. ಯಾರ ಹಾಳೆ ನೋಡಿ ನಕಲು ಮಾಡಿಯಾಳು? ತಾವು ಮರೆತದ್ದು ಎಷ್ಟು ಪಕ್ಕಾ ಆಗಿತ್ತು ಎಂದು ಮೇಷ್ಟ್ರಿಗೇ ಭಯವಾಗಿರಬೇಕು. ಅಷ್ಟು ವರ್ಷ ಕಷ್ಟಪಟ್ಟು ಮರೆತಿದ್ದರಲ್ಲ, ಕೆಲಸ ಅಚ್ಚುಕಟ್ಟಾಗಿಯೇ ಆಗಿತ್ತು. ರೊಟ್ಟಿ ಮುಟ್ಟದೆ ಎದ್ದುಹೋದರು. ಊರಮ್ಮನಿಗೆ ಅವರ ಬಾಯಿಂದ ಒಂದೇ ಮಾತು ಕೇಳಿಸಿತು, ಅದೂ ಪುಸ್ತಕದ ಕನ್ನಡವಲ್ಲ: “ತಪ್ಪಾತಲ್ಲೇ.”

ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಕ್ಕಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಪತ್ರಿಕೆಯ ಮೇಲೆ ಇದ್ದದ್ದು ಬರೀ ನಂಬರು. ಹೆಡ್‌ಮಾಸ್ಟರ್ ಕುರ್ಚಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ನ್ಯಾಯ ನೀತಿ ಎಂದರೆ ನಾನು ನಂಬುವುದಿಲ್ಲ, ಮೇಷ್ಟ್ರು ಅಂಥ ದೊಡ್ಡ ಮನುಷ್ಯರೇನಲ್ಲ. ತಪ್ಪು ಉತ್ತರವನ್ನು ಸರಿ ಎನ್ನುವುದು, ಸರಿಯನ್ನು ತಪ್ಪು ಎನ್ನುವುದು ಅವರಿಗೆ ಮೈಗೆ ಆಗಿಬರದ ವಿಷಯ, ಅಷ್ಟೇ. ಅದೊಂದು ರೋಗ. ಅದೇ ರೋಗ ನನ್ನನ್ನು ಕಾಪಾಡಿತು.

ಮರುದಿನ ಬೆಳಗ್ಗೆ ಟಪಾಲು ಕಟ್ಟುವ ಮೊದಲೇ ಹಾಲಿಗೆ ಹೋಗಿ, ವರದಿ ವಾಪಸು ಕೊಡಿ ಎಂದರು. ಇದು ನಕಲಲ್ಲ, ಈ ಸೀಮೆಯ ಪದ್ಧತಿ, ಯಾವ ಹಳ್ಳಿಯ ಮಗುವನ್ನು ಕೇಳಿದರೂ ಇದನ್ನೇ ಹೇಳುತ್ತದೆ ಎಂದರು. ಎಲ್ಲವೂ ಇಂಗ್ಲಿಷಿನಲ್ಲಿ.

“ಇದು ನಿಮಗೆ ಹೇಗೆ ಗೊತ್ತು, ಮಿಸ್ಟರ್ ಸ್ವಾಮಿ?”

ಎಲ್ಲೋ ಓದಿದ್ದೆ ಎನ್ನಬಹುದಿತ್ತು. ಯಾರೋ ಹೇಳಿದರು ಎನ್ನಬಹುದಿತ್ತು. ಇಂಗ್ಲಿಷಿನಲ್ಲಿ ನುಣುಚಿಕೊಳ್ಳಲು ಎಷ್ಟು ದಾರಿಗಳಿವೆ ಎಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ಬಳ್ಳಾರಿಯಲ್ಲಿರಲಿಲ್ಲ. ಆದರೆ ಬಾಯಿಂದ ಬಂದದ್ದು ಕನ್ನಡ. “ನಮ್ಮಪ್ಪ ಸುದ್ದಿ ಒಯ್ಯಾಂವ್ರಿ, ಕೊಳಗಲ್ಲಾಗ.”

ಹಾಲಿನಲ್ಲಿ ಪೆನ್ಸಿಲುಗಳು ನಿಂತವು. ಸುದ್ದಿ ಒಯ್ಯುವವರು ಯಾವ ಕೇರಿಯವರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಗೊತ್ತಾಗದೆ ಇದ್ದವರು ಪರಾಂಕುಶಂ ಒಬ್ಬರೇ. ಅವರು, ಏನು, ಏನಂದಿರಿ ಎಂದು ಕಿವಿ ಮುಂದೆ ತಂದರು. ಮೇಷ್ಟ್ರು ತೆಲುಗಿನಲ್ಲಿ ಹೇಳಿದರು. ಅವರಿಗೆ ಇನ್ನೂ ನಂಬಿಕೆ ಬರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ ಹೇಳಿದರು. ಬಚ್ಚಿಡಲು ಅಷ್ಟು ವರ್ಷ ಹಿಡಿದ ಸಂಗತಿಯನ್ನು ಹೇಳಲು ಮೂರು ಭಾಷೆ ಬೇಕಾಯಿತು. ಆ ಬೆಳಗಿನ ಮಾತು ಬಂದಾಗಲೆಲ್ಲ ಊರಮ್ಮ ಅಳುತ್ತಿದ್ದಳು. ನನಗೂ ಅಳು ಬರುತ್ತದೆ, ಬರೆಯಲು ನಾಚಿಕೆಯೇನಿಲ್ಲ.

ಪರಾಂಕುಶಂ ಕೂಡ ಹಟದ ಮನುಷ್ಯ. ಹಾಗಾದರೆ ಪರೀಕ್ಷಿಸೋಣ ಎಂದರು. ಶಾಲೆಯ ಜವಾನ ಕೆಂಚಣ್ಣನನ್ನು ಕರೆಸಿ ಕಥೆ ಹೇಳಿಸಿದರು. ಕೆಂಚಣ್ಣ ಕೈಕಟ್ಟಿ ನಿಂತು ಕೇಳಿ, “ಏನ್ ಜನಾರೀ! ಕುಂದ್ರು ಅನ್ಲಿಲ್ಲ, ನೀರು ಕೊಡ್ಲಿಲ್ಲ, ಸುದ್ದಿ ಮಾತ್ರ ಬೇಕಾಗಿತ್ತೇನು?” ಎಂದ. ಇವನಿಗೂ ಹೇಳಿಕೊಟ್ಟಿರಬಹುದು ಎಂದು ಪರಾಂಕುಶಂ, ಕನ್ನಡ ತಿಳಿಸಿಹೇಳಲು ಇನ್ನೊಬ್ಬ ಪರೀಕ್ಷಕರನ್ನು ಕರೆದುಕೊಂಡು, ತಾವೇ ಗೇಟಿನ ಹೊರಗೆ ಬಂದು ಜಟಕಾದವನನ್ನು ಹಿಡಿದರು. ಅವನು ಕಥೆ ಮುಗಿಯುವ ಮೊದಲೇ, “ಪಾನಿ ಕೊಟ್ರೇನ್ ಸಾಬ್?” ಎಂದು ಕೇಳಿಬಿಟ್ಟ. ಮರದ ನೆರಳಲ್ಲಿ ಮಜ್ಜಿಗೆ ಮಾರುವ ಸುಂಕಮ್ಮನಿಗೆ ಸಿಟ್ಟೇ ಬಂತು. “ಆ ಊರಾಗ ಹೆಣಮಕ್ಳ ಇದ್ದಿಲ್ಲೇನ್ರಿ? ಗಂಡಸ್ರನ್ನ ಅಷ್ಟ ಊರ ಬಾಗಿಲಿಗೆ ಬಿಟ್ರ ಇನ್ನೇನಾಗತೈತಿ! ನೀವರ ಕುಡೀರಿ ಸ್ವಾಮಿ, ಮೋತಿ ಒಣಗೇತಿ,” ಎಂದು ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಪರಾಂಕುಶಂ ಕುಡಿದರು. ಎಲ್ಲಿಂದ ಬಂದಿರಿ ಎಂದು ಆಕೆ ಕೇಳಿದ್ದು ಅವರು ಲೋಟ ಕೆಳಗಿಟ್ಟ ಮೇಲೆ.

ಒಳಗೆ ಬಂದು ವರದಿ ಹರಿದರು. “ನಕಲಲ್ಲ, ಒಪ್ಪಿದೆ. ಕಥೆ ಅರ್ಥವಾಗಿಲ್ಲ, ಅಷ್ಟೇ. ಆದ್ದರಿಂದ ಸೊನ್ನೆ ಹಾಗೇ ಇರಲಿ,” ಎಂದರು. ನಿನ್ನೆ ಕಳ್ಳರಾಗಿದ್ದ ನಾವು ಒಂದೇ ಬೆಳಗಿನಲ್ಲಿ ಬಡ್ತಿ ಪಡೆದು ದಡ್ಡರಾದೆವು. ಆ ಸೊನ್ನೆ ಉಳಿದಿದ್ದರೆ, ಪಾಸಾಗಲು ಬೇಕಾದಷ್ಟಕ್ಕೆ ನನಗೆ ಕೂದಲೆಳೆಯಷ್ಟು ಕಡಿಮೆ ಬೀಳುತ್ತಿತ್ತು.

ಮೇಷ್ಟ್ರಿಗೆ ಅದೇನೂ ಗೊತ್ತಿಲ್ಲ. ಅವರ ರೋಗ ಮಾತ್ರ ಕೆರಳಿತು. “ದಣಿದಿದ್ದ ಎಂದು ಕಥೆಯಲ್ಲಿ ಎಲ್ಲಿದೆ, ಸರ್?” ಎಂದು ಕೇಳಿದರು.

ಪರಾಂಕುಶಂ ತಮ್ಮದೇ ಕಥೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಎಲ್ಲೂ ಇರಲಿಲ್ಲ. “ಅದು ಹೇಳದೆ ತಿಳಿಯುವ ಮಾತು,” ಎಂದರು.

“ಇದೂ ಹೇಳದೆ ತಿಳಿಯುವ ಮಾತೇ, ಸರ್. ಬೀದಿಯಲ್ಲಿ ತಾವೇ ಈಗ ಕೇಳಿದಿರಿ.”

ಹಾಲಿನಲ್ಲಿ ಯಾರೋ ನಕ್ಕರು. ಅದರಿಂದ ಮೇಷ್ಟ್ರ ಪಾಲಿಗೆ ಕೆಲಸ ಇನ್ನೂ ಕೆಟ್ಟಿತು. ಪರಾಂಕುಶಂ ಮುಖ ಕೆಂಪಗೆ ಮಾಡಿಕೊಂಡು, “ಅರ್ಧ ಅಂಕ ಹಾಕಿಕೊಳ್ಳಿ. ಆಮೇಲೆ ಈ ವಿಷಯ ನನ್ನ ಕಿವಿಗೆ ಬೀಳಬಾರದು,” ಎಂದರು. ಮೇಷ್ಟ್ರು ಕೂತು, ಒಂದೊಂದೇ ಸೊನ್ನೆ ಹೊಡೆದು, ಒಂದೊಂದೇ ಪತ್ರಿಕೆಗೆ ಅರ್ಧ ಅಂಕ ಹಾಕಿದರು.

ಮರುದಿನ ಪರೀಕ್ಷಕರ ಕುಡಿಯುವ ನೀರಿನ ಗಡಿಗೆಯಿಂದ ಸ್ವಲ್ಪ ದೂರಕ್ಕೆ ಇನ್ನೊಂದು ಗಡಿಗೆ ಬಂತು. ತಂದಿಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಸೌಜನ್ಯ! ಅಷ್ಟು ಜನಕ್ಕೆ ಸೇರಿ ಒಂದು ಗಡಿಗೆ, ಇವರೊಬ್ಬರಿಗೇ ಒಂದು. ಅಸ್ಪೃಶ್ಯತೆ ಇನ್ನಿಲ್ಲ ಎಂದು ಸಂವಿಧಾನದಲ್ಲಿ ಬರೆದು ವರ್ಷ ಕಳೆದಿತ್ತು. ಬಳ್ಳಾರಿಯ ಆ ಪರೀಕ್ಷಕರಿಗೆ ಅದನ್ನು ಓದಲು ಪುರಸೊತ್ತಾಗಿರಲಿಲ್ಲ. ಅವರು ಉತ್ತರ ಪತ್ರಿಕೆಯನ್ನೇ ಓದುತ್ತಿರಲಿಲ್ಲವಲ್ಲ. ಮೇಷ್ಟ್ರು ಎರಡೂ ಗಡಿಗೆ ಮುಟ್ಟಲಿಲ್ಲ. ಕೆಲಸ ಮುಗಿಯುವವರೆಗೆ ಸುಂಕಮ್ಮನ ಹತ್ತಿರ ಮಜ್ಜಿಗೆ ಕುಡಿದರು.

ಜೂನ್‌ನಲ್ಲಿ ಫಲಿತಾಂಶ ಬಂತು. ಗಾದೆಪ್ಪ ಮೇಷ್ಟ್ರು ಸಿರುಗುಪ್ಪದಿಂದ ಬಿಸಿಲಲ್ಲಿ ಸೈಕಲ್ ತುಳಿದು ಬಂದು, ಇಂಗ್ಲಿಷಿನಲ್ಲಿ ಗೆರೆಯ ಮೇಲೆ ನಿಂತಿದ್ದೀಯ ಎಂದರು. ಗೆರೆಯ ಮೇಲೆ ಎಂದರೆ ಪಾಸೇ. ಅವ್ವ ಆಡಿದ ಮಾತಿಗೆ ತಪ್ಪಲಿಲ್ಲ, ನನ್ನ ಸೀರೆ ಗಂಟು ಕಟ್ಟಿ ಬಳ್ಳಾರಿ ಬಸ್ಸಿಗೆ ಹತ್ತಿಸಿದಳು. ದುರುಗಪ್ಪ ಆರು ತಿಂಗಳು ದುಃಖಪಟ್ಟು ಬೇರೆ ಮದುವೆಯಾದ. ಆ ಹುಡುಗಿಯ ವಿಷಯ ಬರೆಯಲು ನನಗೆ ಕೈ ಬರುವುದಿಲ್ಲ, ಎರಡೇ ವರ್ಷ ಬದುಕಿದಳು.

ಟ್ರೈನಿಂಗ್ ಮುಗಿಸಿ ನಾನು 1953ರಲ್ಲಿ ಸಿರುಗುಪ್ಪದ ಒಂದು ಶಾಲೆಗೆ ಬಂದೆ. ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ರಾಜ್ಯ ಬದಲಾಗಿತ್ತು, ಹಳೆಯ ಕಡತಗಳ ದ್ವೇಷ ಬದಲಾಗಿರಲಿಲ್ಲ. ಆ ಶಾಲೆಯಲ್ಲಿ ಆಗಲೇ ಎರಡು ವರ್ಷದಿಂದ ಎರ್ರಿಸ್ವಾಮಿ ಎಂಬ ಸಹಾಯಕ ಮೇಷ್ಟ್ರಿದ್ದರು. ಹೆಡ್‌ಮಾಸ್ಟರ್ ಕುರ್ಚಿ ಬೇರೆಯವರಿಗೆ ಹೋಗಿ, ಇವರಿಗೆ ಸಿರುಗುಪ್ಪಕ್ಕೆ ವರ್ಗವಾಗಿತ್ತು. ಪರೀಕ್ಷಕರ ಕೆಲಸಕ್ಕೆ ಮತ್ತೆ ಯಾರೂ ಕರೆಯಲಿಲ್ಲ. ಬಾಗಿಲ ಹಲಗೆಯ ಮೇಲೆ ಪೂರ್ತಿ ಹೆಸರಿತ್ತು. ಇನ್ನು ಬಚ್ಚಿಡಲು ಏನೂ ಇರಲಿಲ್ಲವಲ್ಲ. ಊರಮ್ಮ ಮಾತ್ರ ಅಷ್ಟು ವರ್ಷದ ಬಾಕಿಯನ್ನು ಒಟ್ಟಿಗೇ ತೀರಿಸುವಂತೆ ಬೀದಿಯವರೊಂದಿಗೆಲ್ಲ ಮಾತಾಡುತ್ತಿದ್ದಳು.

ಅವರ ಮನೆಯ ಪಕ್ಕದಲ್ಲೇ ನನ್ನ ಕೋಣೆ. ಮೇಷ್ಟ್ರು ದಿನವೂ ನನ್ನ ಇಂಗ್ಲಿಷ್ ತಿದ್ದುತ್ತಿದ್ದರು. ಮಕ್ಕಳ ಮುಂದೆ, ಸಹೋದ್ಯೋಗಿಗಳ ಮುಂದೆ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನರ ಮುಂದೆ. ಅವರಿಗೆ ಒಂದು ಹೊಟ್ಟೆಯುರಿಯಿತ್ತು. “ಈ ತಾಲೂಕಿನ ಮಕ್ಕಳಿಗೆ ಅರ್ಧ ಅಂಕ ಕೊಟ್ಟು ನಾನು ಹಾಳಾದೆ. ಆ ಅರ್ಧ ಅಂಕದಿಂದ ಯಾರಿಗೆ ಏನು ಬಂತು?” ಎಂದು ಸೀಮೆಸುಣ್ಣದ ಕಡ್ಡಿ ಮುರಿದಾಗಲೆಲ್ಲ ಹೇಳುತ್ತಿದ್ದರು. ಸುಣ್ಣದ ಕಡ್ಡಿ ಬಹಳ ಮುರಿಯುತ್ತಿತ್ತು.

ಊರಮ್ಮನಿಂದ ಪೂರ್ತಿ ಕಥೆ ಕೇಳಿದ ಮಾರನೆಯ ದಿನ, ಸಂಜೆ ಗಂಟೆ ಹೊಡೆದ ಮೇಲೆ, ಶಾಲೆಯ ಪಡಸಾಲೆಯಲ್ಲಿ ಅವರು ಮತ್ತೆ ಅದೇ ರಾಗ ತೆಗೆದರು. ನಾನು ತಡೆಯಲಾರದೆ ಹೇಳಿಬಿಟ್ಟೆ.

“ನನಗ ಬಂತ್ರಿ, ಸರ. ಆ ಕಟ್ಟಿನ್ಯಾಗ ನಾನೂ ಇದ್ನಿ. ನೀವು ಆ ಅರ್ಧ ಹಾಕದಿದ್ರ ನನ್ನ ಕುರುಗೋಡಿಗೆ ಕೊಟ್ಟುಬಿಡ್ತಿದ್ರು. ನನ್ನ ಬದಲಿ ಹ್ವಾದಾಕಿ ಈಗ ಇಲ್ರಿ.”

ಅವರು ಕೊಡೆ ಬಿಚ್ಚಲು ಹೋಗಿದ್ದವರು ಹಾಗೇ ನಿಂತರು. ಎಲ್ಲಿ ಮಾತು ತಪ್ಪಿದೆನೋ, ಈಗ ಏನನ್ನು ತಿದ್ದುತ್ತಾರೋ ಎಂದು ನಾನು ಕಾದೆ. ಅವರು ಅಂಗಳದ ಕಡೆ ತಿರುಗಿ ಹೇಳಿದರು.

“ನಾ ಆ ಸತ್ತಾವನ ಸಲುವಾಗಿ ಜಗಳ ತಗದಿದ್ದೆ, ಯವ್ವಾ. ಆ ಹಾಳ್ಯಾಗ ಬದುಕಬೇಕಾದಾವ್ರು ಅದಾರ ಅಂತ ನನಗ ಹೊಳೀಲೇ ಇಲ್ಲ.”